ಎಂಟನೆಯ ಇಯತ್ತೆಗೆ ಮುಗಿಯುವ ಕಾಯಿದೆ

ನಮ್ಮ ಕನ್ನಡ ಸಂಘದ ಕಳೆದ ಬೈಠಕ್ಕಿನಲ್ಲಿ ಹೈಸ್ಕೂಲು ಬಿಡುವ ಮಕ್ಕಳು ಮತ್ತು ಸರಕಾರದ ಶಿಕ್ಷಣ ನೀತಿ ಎಂಬ ವಿಷಯದ ಮೇಲೆ ಚರ್ಚೆ ನಡೆದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಒಂದು ಮಾತನ್ನೂ ಆಡಲಿಲ್ಲ. ಆಡಿದವರೆಲ್ಲ ಚೆನ್ನಾಗಿಯೇ ಆಡಿದರು. ಬಡತನ ಅಂದರು, ಪಾಲಕರ ಅಜ್ಞಾನ ಅಂದರು, ಈಗಿನ ಹುಡುಗರಿಗೆ ಓದಿನಲ್ಲಿ ಲಕ್ಷ್ಯವಿಲ್ಲ ಅಂದರು. ಎಲ್ಲವೂ ಖರೆ ಇರಬಹುದು. ಆದರೆ ನಾನು ಕಾಮರ್ಸ್ ವಿದ್ಯಾರ್ಥಿ. ನಮ್ಮಲ್ಲಿ ಜರ್ನಲ್ ಬರೆಯುವಾಗ ತಾರೀಖು ಹಾಕದಿದ್ದರೆ ಮಾರ್ಕು ಕೊಡುವುದಿಲ್ಲ. ಬಡತನ ಒಂದನೆಯ ಇಯತ್ತೆಯಲ್ಲೂ ಇರುತ್ತದೆ, ಐದನೆಯದರಲ್ಲೂ ಇರುತ್ತದೆ. ಅಪ್ಪ-ಅವ್ವನ ಅಜ್ಞಾನ ವರ್ಷದಿಂದ ವರ್ಷಕ್ಕೆ ಏನೂ ಹೆಚ್ಚುವುದಿಲ್ಲ. ಹಾಗಿದ್ದ ಮೇಲೆ ಹುಡುಗರು ಒಂಬತ್ತರಲ್ಲೇ ಯಾಕೆ ಬಿಡುತ್ತಾರೆ? ಈ ತಾರೀಖಿನ ಪ್ರಶ್ನೆಯನ್ನು ಅವತ್ತು ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನೇ ಆಗಿದ್ದೆ. ಯಾಕಂದರೆ ನನ್ನ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಾದದ್ದು ಒಂಬತ್ತನೆಯ ಇಯತ್ತೆಯಲ್ಲಿ. "ಅಲ್ಲಿ ಆಡದೇ ಇದ್ದದ್ದನ್ನು ಬರೆದಾದರೂ ಕೊಡೋ ಮಾರಾಯಾ" ಎಂದು ಸಂಪಾದಕರು ಬೆನ್ನು ಹತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಕಿಗಳನ್ನು ನೋಡೋಣ. ಕೇಂದ್ರ ಶಿಕ್ಷಣ ಮಂತ್ರಾಲಯ ವರ್ಷ ವರ್ಷ ದೇಶದ ಎಲ್ಲ ಶಾಲೆಗಳಿಂದ ಮಾಹಿತಿ ತರಿಸಿಕೊಂಡು 'ಯುಡೈಸ್' ಎಂಬ ವರದಿ ಹೊರಡಿಸುತ್ತದೆ. ಅದರ 2021-22ರ ಲೆಕ್ಕದಲ್ಲಿ ಶಾಲೆ ಬಿಟ್ಟವರ ಪ್ರಮಾಣ ಇಡೀ ದೇಶಕ್ಕೆ ಹೀಗಿದೆ: ಒಂದರಿಂದ ಐದನೆಯವರೆಗೆ ನೂರಕ್ಕೆ 1.5, ಆರರಿಂದ ಎಂಟರವರೆಗೆ ನೂರಕ್ಕೆ 3, ಒಂಬತ್ತು ಮತ್ತು ಹತ್ತರಲ್ಲಿ ನೂರಕ್ಕೆ 12.6. ಎಂಟಕ್ಕೂ ಒಂಬತ್ತಕ್ಕೂ ನಡುವೆ ಇರುವುದು ಒಂದು ಬೇಸಿಗೆ ರಜೆ ಮಾತ್ರ. ಅಷ್ಟರೊಳಗೆ ಅಂಕಿ ನಾಲ್ಕು ಪಟ್ಟು ಏರುತ್ತದೆ.

ಈ ಅಂಕಿಯನ್ನು ತೆಗೆಯುವ ರೀತಿ ತಿಳಿದಾಗ ನನಗೆ ಸ್ವಲ್ಪ ನಗು ಬಂತು, ಸ್ವಲ್ಪ ಕಸಿವಿಸಿಯೂ ಆಯಿತು. ಶಾಲೆ ಬಿಟ್ಟವರನ್ನು ಯಾರೂ ಹೋಗಿ ಎಣಿಸುವುದಿಲ್ಲ. ಈ ವರ್ಷ ವರ್ಗದಲ್ಲಿದ್ದ ನೂರು ಮಂದಿಯಲ್ಲಿ ಮುಂದಿನ ವರ್ಷ ಮೇಲಿನ ವರ್ಗಕ್ಕೆ ಹೋದವರೆಷ್ಟು, ಅದೇ ವರ್ಗದಲ್ಲಿ ಕೂತವರೆಷ್ಟು ಎಂದು ಕಳೆಯುತ್ತಾರೆ. ಉಳಿದದ್ದು 'ಬಿಟ್ಟವರು'. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬ್ಯಾಲೆನ್ಸಿಂಗ್ ಫಿಗರ್. ಎರಡೂ ಬದಿ ತಾಳೆ ಬೀಳಲಿ ಅಂತ ಕೊನೆಗೆ ಬರೆಯುವ ಮೊತ್ತ. ಅದಕ್ಕೇ ಇರಬೇಕು, ಕೋಷ್ಟಕ ಬದಲಾದರೆ ಅಂಕಿಯೂ ಬದಲಾಗುತ್ತದೆ. 2023-24ರ ವರದಿಯಲ್ಲಿ ಒಂಬತ್ತು-ಹತ್ತಕ್ಕೆ 14.1 ಅಂತ ಇತ್ತು. ಮರುವರ್ಷದ ವರದಿಯಲ್ಲಿ ಹೊಸ ಶಿಕ್ಷಣ ನೀತಿಯಂತೆ ಒಂಬತ್ತರಿಂದ ಹನ್ನೆರಡನ್ನು ಒಂದೇ ಹಂತ ಮಾಡಿದರು. ಅದೇ 2023-24ಕ್ಕೆ ಅಲ್ಲಿ 10.9 ಅಂತ ಇದೆ, 2024-25ಕ್ಕೆ 8.2. ಸುಧಾರಣೆ ಆಗಿರಬಹುದು, ಇಲ್ಲ ಅನ್ನಲಾರೆ. ಆದರೆ 14.1ರ ಪಕ್ಕದಲ್ಲಿ 8.2ನ್ನು ಇಟ್ಟು ಭಾಷಣ ಮಾಡುವವರನ್ನು ಕಂಡರೆ ನಮ್ಮ ಅಕೌಂಟ್ಸ್ ಸರ್ ಕಿವಿ ಹಿಂಡಿಯಾರು.

ಒಂಬತ್ತರಲ್ಲೇ ಯಾಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಕಾಯಿದೆ ಪುಸ್ತಕದಲ್ಲಿದೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ಹದಿನಾಲ್ಕು ಎಂಬ ಅಂಕಿ ಎರಡು ಕಡೆ ಬರುತ್ತದೆ. 45ನೆಯ ಕಲಮು ಹದಿನಾಲ್ಕು ತುಂಬುವವರೆಗೆ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಲು ಸರಕಾರ ಪ್ರಯತ್ನಿಸಬೇಕು ಎಂದಿತು, ಅದಕ್ಕೆ ಹತ್ತು ವರ್ಷದ ವಾಯಿದೆಯನ್ನೂ ಹಾಕಿತು. 24ನೆಯ ಕಲಮು ಹದಿನಾಲ್ಕರ ಕೆಳಗಿನ ಮಗುವನ್ನು ಕಾರಖಾನೆ, ಗಣಿ ಮುಂತಾದ ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದಿತು. ಹತ್ತು ವರ್ಷದ ವಾಯಿದೆ ಎಷ್ಟು ಸಲ ಮುಗಿಯಿತೋ! 2002ರಲ್ಲಿ ಸಂವಿಧಾನಕ್ಕೆ 86ನೆಯ ತಿದ್ದುಪಡಿಯಾಗಿ ಶಿಕ್ಷಣ ಮೂಲಭೂತ ಹಕ್ಕಾಯಿತು, 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದೂ ಆರರಿಂದ ಹದಿನಾಲ್ಕು ವರ್ಷದವರಿಗೆ, ಒಂದರಿಂದ ಎಂಟನೆಯ ಇಯತ್ತೆಯವರೆಗೆ. ಇತ್ತ ಬಾಲಕಾರ್ಮಿಕ ಕಾಯಿದೆ 1986ರದು. ಅದರ ಕೆಳಗೆ ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ ಸಣ್ಣ ಮಕ್ಕಳನ್ನು ಇಡುವುದು 2006ರ ಅಕ್ಟೋಬರದಲ್ಲಿ ಬಂದಾಯಿತು. 2016ರ ತಿದ್ದುಪಡಿಯಲ್ಲಿ ಹದಿನಾಲ್ಕರ ಕೆಳಗಿನವರಿಗೆ, ಮನೆಯವರ ಕೆಲಸದಲ್ಲಿ ಕೈಜೋಡಿಸುವಂಥ ಕೆಲವು ವಿನಾಯಿತಿ ಬಿಟ್ಟು, ಎಲ್ಲ ಕೆಲಸವೂ ಬಂದು. ಹದಿನಾಲ್ಕರಿಂದ ಹದಿನೆಂಟರವರಿಗೆ ಮಾತ್ರ ಗಣಿ, ಸ್ಫೋಟಕ ಇತ್ಯಾದಿ ಅಪಾಯದ ಕೆಲಸ ಬಿಟ್ಟು ಉಳಿದದ್ದಕ್ಕೆ ಅಡ್ಡಿಯಿಲ್ಲ.

ಅಂದರೆ ಒಂದೇ ಹುಟ್ಟುಹಬ್ಬದ ದಿನ ಎರಡು ಸಂಗತಿ ನಡೆಯುತ್ತವೆ. ಶಾಲೆಯ ಕಾಯಿದೆ ಹುಡುಗನ ಕೈ ಬಿಡುತ್ತದೆ, ಕೆಲಸದ ಕಾಯಿದೆ ಅವನಿಗೆ ಬಾಗಿಲು ತೆರೆಯುತ್ತದೆ. ಎರಡನ್ನೂ ಬರೆದವರ ಮನಸ್ಸು ಒಳ್ಳೆಯದೇ. ಶಾಲೆ ಮುಗಿದ ಮೇಲೆಯೇ ಕೆಲಸ ಸುರುವಾಗಲಿ, ನಡುವೆ ಹುಡುಗ ಬೀದಿಗೆ ಬೀಳಬಾರದು ಎಂದೇ ಎರಡಕ್ಕೂ ಒಂದೇ ವಯಸ್ಸು ಇಟ್ಟಿರಬೇಕು. ಆದರೆ 1950ರಲ್ಲಿ ಹದಿನಾಲ್ಕರವರೆಗೆ ಓದಿದವನು ಊರಲ್ಲಿ ಓದಿದವನೆನಿಸುತ್ತಿದ್ದ. ಇವತ್ತು ಎಂಟನೆಯ ಇಯತ್ತೆ ಓದಿದವನನ್ನು ಯಾವ ಆಫೀಸಿನವರು ಒಳಗೆ ಬಿಡುತ್ತಾರೆ?

ಕಾಯಿದೆಯ ಜೊತೆ ಇನ್ನೂ ಎಷ್ಟೋ ಎಂಟಕ್ಕೆ ಮುಗಿಯುತ್ತವೆ. ಮಧ್ಯಾಹ್ನದ ಊಟಕ್ಕೆ ಕೇಂದ್ರ ಸರಕಾರ ಕೊಡುವ ಹಣ ಎಂಟನೆಯವರೆಗೆ ಮಾತ್ರ. ಮಹಾರಾಷ್ಟ್ರದಲ್ಲಿ ಊಟವೂ ಅಲ್ಲಿಗೇ ನಿಲ್ಲುತ್ತದೆ. ಅನುದಾನಿತ ಶಾಲೆಗಳಲ್ಲಿ ಉಚಿತ ಪಠ್ಯಪುಸ್ತಕ ಎಂಟರವರೆಗೆ. ನಾನು ಓದುವಾಗ ಎಂಟರವರೆಗೆ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. 2019ರಲ್ಲಿ ಕಾಯಿದೆಯ 16ನೆಯ ಕಲಮು ತಿದ್ದಿದ ಮೇಲೆ ಅದು ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದಾಯಿತು. ಮಹಾರಾಷ್ಟ್ರ 2023ರ ಡಿಸೆಂಬರದಲ್ಲಿ ಐದು ಮತ್ತು ಎಂಟಕ್ಕೆ ವಾರ್ಷಿಕ ಪರೀಕ್ಷೆ ಇಟ್ಟು, ಮರುಪರೀಕ್ಷೆಯಲ್ಲೂ ಆಗದವರನ್ನು ಅದೇ ವರ್ಗದಲ್ಲಿ ಕೂಡಿಸಬಹುದು ಎಂದು ನಿಯಮ ಮಾಡಿತು. ಅಲ್ಲಿಯವರೆಗೆ ಹುಡುಗ ಮೊದಲ ಸಲ 'ನಪಾಸು' ಎಂಬ ಅಕ್ಷರ ನೋಡುತ್ತಿದ್ದದ್ದು ಒಂಬತ್ತರಲ್ಲಿ. ಊಟ ಹೋಗಿ, ಪುಸ್ತಕ ಹೋಗಿ, ಪರೀಕ್ಷೆಯ ಭಯ ಬಂದು ಕೂತ ವರ್ಷ ಅದು.

ನಮ್ಮ ಮುಂಬಯಿ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕು ಮೊದಲೇ ಬರುತ್ತದೆ. ಬಾಲಭಾರತಿಯವರು ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತಾರೆ, ಹತ್ತನೆಯ ಬೋರ್ಡ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಇದು ದೊಡ್ಡ ಮಾತೇ. ಆದರೆ ಮುನ್ಸಿಪಾಲಿಟಿಯ ಕನ್ನಡ ಶಾಲೆಗಳು ಹೆಚ್ಚಿನವು ಏಳನೆಯವರೆಗಿನವು. ಅಲ್ಲಿಂದ ಮುಂದೆ ಕನ್ನಡ ಹೈಸ್ಕೂಲು ಎಲ್ಲಿದೆ ಹುಡುಕಿಕೊಂಡು ಹೋಗಬೇಕು. ನಾನು ಹೋದದ್ದು ಎರಡು ಸ್ಟೇಶನ್ ಆಚೆ. ನನ್ನ ಸಂಗಡ ಏಳನೆಯದರಲ್ಲಿ ಇದ್ದ ಹುಡುಗಿಯರಲ್ಲಿ ಅರ್ಧ ಮಂದಿ ಆ ಎರಡು ಸ್ಟೇಶನ್ ದಾಟಲಿಲ್ಲ. "ಲೋಕಲ್ ಗಾಡ್ಯಾಗ ಹೆಣ್ಣು ಹುಡುಗೀನ ಒಬ್ಬಾಕಿನ್ನ ಹೆಂಗ ಕಳಸೂದು" ಎಂದು ಒಂದು ಮಾತು, ಮುಗಿಯಿತು. ಮಹಾರಾಷ್ಟ್ರದಲ್ಲಿ ಹುಡುಗಿಯರಿಗೆ ಹನ್ನೆರಡನೆಯವರೆಗೆ ಫೀ ಇಲ್ಲ ಎಂಬುದು ಆ ಮನೆಗಳಿಗೆ ಗೊತ್ತಿತ್ತು. ಅಡ್ಡ ಬಂದದ್ದು ಫೀ ಆಗಿರಲಿಲ್ಲ.

ಇನ್ನು ನನ್ನ ಗೆಳೆಯನ ಸಂಗತಿ. ಹೆಸರು ಬರೆಯುವುದಿಲ್ಲ, ಅವನು ಈ ಪತ್ರಿಕೆ ಓದುತ್ತಾನೆ. ನಮ್ಮಿಬ್ಬರ ಮನೆಯವರೂ ವಿಜಾಪುರ ಜಿಲ್ಲೆಯಿಂದ ಬಂದವರು, ಇಬ್ಬರ ಅಪ್ಪಂದಿರೂ ಬೆಳಿಗ್ಗೆ ನಾಕಾದಲ್ಲಿ ನಿಂತು ಗುತ್ತೇದಾರ ಕರೆದ ಕಟ್ಟಡಕ್ಕೆ ಹೋಗುವವರು. ಒಂದನೆಯದರಿಂದ ಒಂದೇ ಬೆಂಚು. ಗಣಿತದಲ್ಲಿ ಅವನು ನನಗಿಂತ ಜಾಣ. 2019ರ ಸಪ್ಟೆಂಬರದಲ್ಲಿ ಅವನಿಗೆ ಹದಿನಾಲ್ಕು ತುಂಬಿತು. ಅದೇ ಮಳೆಗಾಲದಲ್ಲಿ ಅವರಪ್ಪ ಪರಾಂಚಿಯಿಂದ ಬಿದ್ದು ಕಾಲು ಮುರಿದುಕೊಂಡ. ಮೊದಲ ಸತ್ರದ ಪರೀಕ್ಷೆ ಬರೆದು, ದೀಪಾವಳಿ ರಜೆಯಲ್ಲಿ ಅವನು ಒಂದು ಹೋಟೆಲಿಗೆ ಸೇರಿದ. ರಜೆ ಮುಗಿಯಿತು, ಅವನು ಬರಲಿಲ್ಲ.

ಆಗ ನಾನು ಮಾಡಿದ್ದು ಇದು. ನಮ್ಮ ವರ್ಗದ ಟೀಚರು ತಲೆ ಎತ್ತದೆ ನಂಬರ್ ಕೂಗುತ್ತಿದ್ದರು. ಅವನ ನಂಬರ್ ಬಂದಾಗ ನಾನು ದನಿ ಬದಲಿಸಿ "ಹಾಜರ್" ಅನ್ನುತ್ತಿದ್ದೆ. ಗೆಳೆಯನ ಹೆಸರು ಹೋಗಬಾರದು, ಇವತ್ತಲ್ಲ ನಾಳೆ ಬಂದಾನು ಎಂದು. ಬಹಳ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಭಾವನೆ. ಎರಡು ತಿಂಗಳ ಮೇಲೆ ನಡೆಯಿತು. ಟೀಚರಿಗೆ ಅಷ್ಟು ದಿನ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗಿತ್ತು ಎಂದು ಈಗ ನನಗೆ ಅನಿಸುತ್ತದೆ. ಕನ್ನಡ ಶಾಲೆಯಲ್ಲಿ ಒಂದೊಂದು ಹೆಸರಿಗೂ ಬೆಲೆಯಿದೆ. ಪಟದಲ್ಲಿ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಎಷ್ಟು ಶಿಕ್ಷಕರು ಎಂಬುದನ್ನು ಸರಕಾರ ಮಂಜೂರು ಮಾಡುತ್ತದೆ. ಹುಡುಗರು ಕಡಿಮೆಯಾದರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗಿ ಬೇರೆ ಕಡೆ ಹೋಗಬೇಕು. 2011ರ ಅಕ್ಟೋಬರದಲ್ಲಿ ಮಹಾರಾಷ್ಟ್ರ ಸರಕಾರ ರಾಜ್ಯದ ಶಾಲೆಗಳಲ್ಲಿ ಒಮ್ಮೆಗೇ ಪಟ ತಪಾಸಣೆ ಮಾಡಿಸಿದ್ದು, ಎಷ್ಟೋ ಕಡೆ ಹೆಸರುಗಳಿದ್ದು ಮಕ್ಕಳಿಲ್ಲದ್ದು ಬಯಲಾದದ್ದು ಇದೇ ಕಾರಣಕ್ಕೆ. ಆದ್ದರಿಂದ ನನ್ನ ಸುಳ್ಳು ಯಾರಿಗೂ ಅಡಚಣೆ ಮಾಡಲಿಲ್ಲ. ಜನವರಿಯ ಕೊನೆಗೆ ಸಹಾಮಾಹಿ ಹುಡುಗನೊಬ್ಬ ಬಾಯಿಬಿಟ್ಟ. ನನಗೆ ನಾಲ್ಕು ಏಟು ಬಿದ್ದವು. ಫೆಬ್ರುವರಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು.

ಶಾಲೆ ಬಿಟ್ಟ ಮಗು ಎಂದು ಯಾವ ದಿನದಿಂದ ಕರೆಯಬೇಕು ಎಂಬುದೂ ನೀತಿಯ ಪ್ರಶ್ನೆಯೇ ಎಂದು ನನಗೆ ತಿಳಿದದ್ದು ಇತ್ತೀಚೆಗೆ. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಅರವತ್ತು ದಿನ ಎಡೆಬಿಡದೆ ಬಾರದ ಮಗುವನ್ನು ಶಾಲೆ ಬಿಟ್ಟವರ ಲೆಕ್ಕಕ್ಕೆ ಹಿಡಿಯುತ್ತಿದ್ದರು. 2013ರಲ್ಲಿ ಅಲ್ಲಿಯ ಹೈಕೋರ್ಟು ಶಾಲೆಯ ಹೊರಗಿರುವ ಮಕ್ಕಳ ಬಗ್ಗೆ ಬಂದ ಒಂದು ಪತ್ರಿಕಾ ವರದಿಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪ್ರಕರಣದಿಂದಾಗಿ ಅರವತ್ತು ದಿನ ಹೋಗಿ ಏಳು ದಿನ ಆಯಿತು. ಕಾರಣ ತಿಳಿಸದೆ ಏಳು ದಿನ ಬಾರದಿದ್ದರೆ ಶಾಲೆ ವಿಚಾರಿಸಬೇಕು, ಮೇಲಿನವರಿಗೆ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಇದು ಒಂದು ತಿಂಗಳು. 2015ರ ಜುಲೈ 4ರಂದು ಇಡೀ ರಾಜ್ಯದಲ್ಲಿ ಒಂದೇ ದಿನ ಶಾಲೆಯ ಹೊರಗಿನ ಮಕ್ಕಳ ಗಣತಿ ನಡೆದಾಗಲೂ ಅದೇ ಅಳತೆ. ಎರಡೂ ಕಡೆ ಲೆಕ್ಕ ಆರರಿಂದ ಹದಿನಾಲ್ಕು ವರ್ಷದವರದು. ನನ್ನ ಗೆಳೆಯ ಎಲ್ಲ ಪಟ್ಟಿಗಳಿಂದಲೂ ಎರಡು ತಿಂಗಳ ಹಿಂದೆಯೇ ದಾಟಿಹೋಗಿದ್ದ.

ಏಳು ದಿನ ಮತ್ತು ಅರವತ್ತು ದಿನದ ಫರಕು ಕಾಗದದ ಮೇಲೆ ಸಣ್ಣದು. ಹೋಟೆಲಿನಲ್ಲಿ ಏಳನೆಯ ದಿನ ಹುಡುಗನಿಗೆ ಕಾಲು ನೋವು, ಮನೆ ನೆನಪು. ಅರವತ್ತನೆಯ ದಿನಕ್ಕೆ ಎರಡು ಪಗಾರ ಕೈಗೆ ಬಂದಿರುತ್ತವೆ, ಮನೆಯವರು ಆ ಹಣಕ್ಕೆ ಒಗ್ಗಿರುತ್ತಾರೆ, ಔಷಧಿ ಅಂಗಡಿಯ ಉದ್ರಿ ಅದರಿಂದಲೇ ತೀರುತ್ತಿರುತ್ತದೆ. ಅವನ ಪಗಾರ ಆಗ ತಿಂಗಳಿಗೆ ಆರು ಸಾವಿರ, ಮೇಲೆ ಎರಡು ಹೊತ್ತು ಊಟ. ಇತ್ತ ಒಂಬತ್ತನೆಯದರ ಖರ್ಚು ನಮ್ಮ ಮನೆಯಲ್ಲಿ ಪಾಸು, ಪುಸ್ತಕ, ನೋಟುಬುಕ್ಕು, ಮಧ್ಯಾಹ್ನದ ವಡಾಪಾವು ಸೇರಿ ತಿಂಗಳಿಗೆ ಸುಮಾರು ಎಂಟುನೂರು. ಅರ್ಥಶಾಸ್ತ್ರದ ತಾಸಿನಲ್ಲಿ ಅವಕಾಶ ವೆಚ್ಚ ಎಂಬ ಪಾಠ ಬಂದಾಗ ಪ್ರಾಧ್ಯಾಪಕರು ಗೋಧಿ ಮತ್ತು ಬಟ್ಟೆಯ ಉದಾಹರಣೆ ಕೊಟ್ಟರು. ನಾನು ವಹಿಯ ಅಂಚಿನಲ್ಲಿ 6,000 + 800 ಎಂದು ಬರೆದುಕೊಂಡೆ. ಎರಡು ಹೊತ್ತಿನ ಊಟ ಅದರ ಹೊರಗೆ.

ಈ ತಿರುವಿಗೇ ಅಂತ ಕೇಂದ್ರ ಸರಕಾರದ ಒಂದು ವಿದ್ಯಾರ್ಥಿವೇತನ ಇದೆ. 2008ರಲ್ಲಿ ಸುರುವಾದದ್ದು. ಎಂಟನೆಯದರಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಒಳ್ಳೆಯ ಯೋಜನೆ. ನನಗೆ ಸಿಗಲಿಲ್ಲ, ಆ ಮಾತು ಬೇರೆ. ಆದರೆ ವರ್ಷಕ್ಕೆ ದೇಶಕ್ಕೆಲ್ಲ ಒಂದು ಲಕ್ಷ ಮಂದಿಗೆ ಹೊಸದಾಗಿ ಕೊಡುವಂಥದ್ದು. ತಿಂಗಳಿಗೆ ಸಾವಿರ ಬಿದ್ದಂತಾಯಿತು. ಜಾಣರನ್ನು ಆರಿಸುವ ಪರೀಕ್ಷೆಯಿಂದ, ಬಿಡುವ ಅಂಚಿನಲ್ಲಿರುವವರನ್ನು ಹಿಡಿಯುವುದು ಹ್ಯಾಗೆ?

ಹಾಗಂತ ಎಲ್ಲ ನೀತಿಯೂ ವ್ಯರ್ಥ ಅನ್ನುವ ಪೈಕಿಯವನಲ್ಲ ನಾನು. ಬಿಹಾರದ ಸಂಗತಿ ಓದಿ ನನಗೆ ಆಶ್ಚರ್ಯವಾಯಿತು. ಅಲ್ಲಿ 2006ರಲ್ಲಿ ಒಂಬತ್ತನೆಯ ವರ್ಗಕ್ಕೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪಕ್ಕದ ಝಾರಖಂಡದ ಜೊತೆ ಹೋಲಿಸಿ ಲೆಕ್ಕ ಹಾಕಿದರು. ತಕ್ಕ ವಯಸ್ಸಿನಲ್ಲಿ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ 40 ಶೇಕಡಾ ಇಳಿಯಿತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು. ಸೈಕಲ್ಲಿನ ಮೇಲೆ ಹುಡುಗಿಯರು ಗುಂಪಾಗಿ ಹೋಗುವುದನ್ನು ಊರು ನೋಡಿ ರೂಢಿ ಮಾಡಿಕೊಂಡದ್ದೂ ಒಂದು ಕಾರಣವೆಂದು ಅವರ ಅಭಿಪ್ರಾಯ. ನಮ್ಮ ಎರಡು ಸ್ಟೇಶನ್ನಿನ ಹುಡುಗಿಯರು ನನಗೆ ನೆನಪಾದದ್ದು ಇಲ್ಲಿ. ಕರ್ನಾಟಕವೂ 2006-07ರಿಂದ ಎಂಟನೆಯ ತರಗತಿಗೆ ಸೈಕಲ್ ಕೊಡುತ್ತಿತ್ತು. ಊರಿಗೆ ಹೋದಾಗ ನಮ್ಮ ಕಾಕಾನ ಮಗಳ ಸೈಕಲ್ಲನ್ನು ನಾನೇ ಓಡಿಸಿ ಪಂಕ್ಚರ್ ಮಾಡಿ ಬೈಸಿಕೊಂಡಿದ್ದೇನೆ. ಕೊರೋನಾ ಬಂದಾಗ ಆ ಯೋಜನೆ ನಿಂತಿತು.

ಊಟದ ವಿಷಯದಲ್ಲಿ ತಮಿಳುನಾಡು ಎಲ್ಲರಿಗಿಂತ ಮುಂದೆ. 1956ರಲ್ಲಿ ಕಾಮರಾಜರು ಸುರುಮಾಡಿದ್ದನ್ನು 1982ರಲ್ಲಿ ಎಂ.ಜಿ.ಆರ್. ದೊಡ್ಡದು ಮಾಡಿದರು, ಮುಂದೆ ಹತ್ತನೆಯವರೆಗೂ ಮುಟ್ಟಿಸಿದರು. ಕರ್ನಾಟಕದ ಅಕ್ಷರ ದಾಸೋಹವೂ ರಾಜ್ಯದ ಸ್ವಂತ ಖರ್ಚಿನಲ್ಲಿ ಒಂಬತ್ತು-ಹತ್ತಕ್ಕೆ ಊಟ ಹಾಕುತ್ತದೆ. ಅಂದರೆ ಕೇಂದ್ರದ ಗೆರೆ ಎಂಟಕ್ಕೆ ನಿಂತರೂ ರಾಜ್ಯ ಮನಸ್ಸು ಮಾಡಿದರೆ ಅದನ್ನು ದಾಟಬಹುದು. ಪಶ್ಚಿಮ ಬಂಗಾಳದ್ದು ಇನ್ನೊಂದು ಬಗೆ. 2013ರ ಕನ್ಯಾಶ್ರೀ ಯೋಜನೆಯಲ್ಲಿ ಹದಿಮೂರು ದಾಟಿದ ಹುಡುಗಿಗೆ ವರ್ಷ ವರ್ಷ ಸ್ವಲ್ಪ ಹಣ, ಹದಿನೆಂಟಕ್ಕೆ ಮದುವೆಯಾಗದೆ ಓದುತ್ತಿದ್ದರೆ ಒಟ್ಟಿಗೆ 25,000. ಅವರು ಗಂಟನ್ನು ಹದಿನಾಲ್ಕಕ್ಕೆ ಹಾಕದೆ ಹದಿನೆಂಟಕ್ಕೆ ಹಾಕಿದರು. ಯೋಜನೆಯ ಜಾಣತನ ಇರುವುದು ಅಲ್ಲಿಯೇ.

ಇದಕ್ಕೆ ಪ್ರತಿಯಾಗಿ ಪರೀಕ್ಷೆಯ ಸುಧಾರಣೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಹಾರಾಷ್ಟ್ರ ಬೋರ್ಡು 2015ರಿಂದ ಹತ್ತನೆಯದರಲ್ಲಿ ನಪಾಸಾದವರಿಗೆ ಜುಲೈಯಲ್ಲೇ ಮರುಪರೀಕ್ಷೆ ಇಟ್ಟಿತು, ವರ್ಷ ಹಾಳಾಗದಿರಲಿ ಎಂದು. ಎರಡು ವಿಷಯ ಉಳಿದರೂ ಹನ್ನೊಂದನೆಯದಕ್ಕೆ ಸೇರಬಹುದು. ಕರ್ನಾಟಕದಲ್ಲಿ 2024ರಿಂದ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ. ಪಾಸಾಗಲು 35 ಬದಲು 33 ಸಾಕು ಎಂದು 2025ರ ಅಕ್ಟೋಬರದಲ್ಲಿ ಪ್ರಕಟಿಸಿದರು. ಬೇಡ ಅನ್ನುವುದಿಲ್ಲ, ಇವುಗಳಿಂದ ಉಳಿದುಕೊಂಡವರನ್ನು ನಾನೇ ಬಲ್ಲೆ. ಆದರೆ ಇವೆಲ್ಲ ಪರೀಕ್ಷೆಯ ಕೋಣೆಯವರೆಗೆ ಬಂದವರಿಗೆ. ಒಂಬತ್ತರ ದೀಪಾವಳಿಗೆ ಹೋದವನಿಗೆ 33 ಆದರೇನು, 3 ಆದರೇನು!

ಪರೀಕ್ಷೆಯ ಮಾತು ಬಂತು, ಹೇಳಲೇಬೇಕು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ನಮ್ಮ ಒಂಬತ್ತನೆಯದರ ವಾರ್ಷಿಕ ಪರೀಕ್ಷೆ ರದ್ದಾಗಿ, ಮೊದಲ ಸತ್ರದ ಅಂಕ ಹಿಡಿದು ಮೇಲೆ ಹಾಕಿದರು. ಮರುವರ್ಷ ಹತ್ತನೆಯ ಬೋರ್ಡ್ ಪರೀಕ್ಷೆಯೂ ರದ್ದು. ಒಂಬತ್ತರ ಅಂಕ, ಶಾಲೆಯ ಒಳಗಿನ ಅಂಕ ಕೂಡಿಸಿ ಫಲಿತಾಂಶ ಕೊಟ್ಟರು. 2021ರಲ್ಲಿ ಮಹಾರಾಷ್ಟ್ರದ ಎಸ್.ಎಸ್.ಸಿ. ಫಲಿತಾಂಶ 99.95 ಶೇಕಡಾ. ಪಟದಲ್ಲಿ ಹೆಸರು ಇದ್ದವರು ಹೆಚ್ಚುಕಡಿಮೆ ಎಲ್ಲರೂ ಪಾಸು. ನಾನೂ ಪಾಸು. ಮೊದಲ ಸತ್ರದ ಪರೀಕ್ಷೆಯನ್ನು ಅವನೂ ಬರೆದಿದ್ದ, ಗಣಿತದಲ್ಲಿ ನನಗಿಂತ ಹನ್ನೊಂದು ಅಂಕ ಜಾಸ್ತಿ. ಕೆಂಪು ಗೆರೆ ಬಿದ್ದ ಒಂದು ತಿಂಗಳಿಗೆ ಶಾಲೆಗಳು ಮುಚ್ಚಿದವು. ನಾನು ಇನ್ನೊಂದು ತಿಂಗಳು ಸಿಕ್ಕಿಬೀಳದೆ "ಹಾಜರ್" ಅಂದಿದ್ದರೆ ಅವನು ಹತ್ತನೆಯದಕ್ಕೆ ಹೋಗುತ್ತಿದ್ದನೋ, ಅಥವಾ ಮೊದಲನೆಯ ದಿನವೇ ಎದ್ದು ನಿಂತು "ಅವನು ಹೋಟೆಲಿಗೆ ಸೇರ್‍ಯಾನ್ರೀ ಟೀಚರ್, ಯಾರಾದರೂ ಹೋಗಿ ಕರೀರಿ" ಅಂದಿದ್ದರೆ ಉಳಿಯುತ್ತಿದ್ದನೋ, ಈ ಲೆಕ್ಕ ನನಗೆ ಇವತ್ತಿಗೂ ತಾಳೆ ಬಿದ್ದಿಲ್ಲ.

ರಾತ್ರಿ ಶಾಲೆ ಇತ್ತಲ್ಲ, ಯಾಕೆ ಹೋಗಲಿಲ್ಲ ಎಂದು ಹಿರಿಯರು ಕೇಳುತ್ತಾರೆ. ಮುಂಬಯಿ ಕನ್ನಡಿಗರಿಗೆ ಇದು ಹೆಮ್ಮೆಯ ವಿಷಯ, ಕೇಳುವುದು ಸಹಜ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ರೈತರಿಗೆ, ಕೂಲಿಗಳಿಗೆ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಇಲ್ಲಿ ಮೊಗವೀರ ಸಮಾಜದವರು 1908ರಲ್ಲೇ ಕನ್ನಡ ರಾತ್ರಿ ಶಾಲೆ ಕಟ್ಟಿದರು. ಆಮೇಲೆ ಬಿಲ್ಲವರು, ಬಂಟರು, ಕೋಟೆಯ ಕನ್ನಡಿಗರು ಹೀಗೆ ಅನೇಕರು. ಉಡುಪಿ, ಕುಂದಾಪುರ ಕಡೆಯಿಂದ ಬಂದ ಹೋಟೆಲ್ ಮಾಣಿಗಳು ಹಗಲೆಲ್ಲ ಲೋಟ ತೊಳೆದು ರಾತ್ರಿ ಓದಿ ವಕೀಲರಾದರು, ಬ್ಯಾಂಕು ಸೇರಿದರು, ತಾವೇ ಹೋಟೆಲು ಮಾಡಿದರು. ಶಾಲೆ ಬಿಟ್ಟವರನ್ನು ಮತ್ತೆ ಹಿಡಿದು ತರುವ ನೀತಿಯನ್ನು ಯಾವ ಸರಕಾರವೂ ಬರೆಯುವ ಮೊದಲೇ ಇವರು ನಡೆಸಿ ತೋರಿಸಿದ್ದರು. ಆಗಿನ ಎಷ್ಟೋ ಹೋಟೆಲ್ ಮಾಲಕರು ತಾವೂ ಆ ದಾರಿಯಿಂದ ಬಂದವರಾದ್ದರಿಂದ ಶಾಲೆಯ ಹೊತ್ತಿಗೆ ಹುಡುಗರನ್ನು ಬಿಡುತ್ತಿದ್ದರಂತೆ.

ನನ್ನ ಗೆಳೆಯನ ಮಾಲಕ ಬಿಡಲಿಲ್ಲ. ರಾತ್ರಿ ಶಾಲೆಯ ಹೊತ್ತು ಸಂಜೆ ಆರೂವರೆಯಿಂದ ಒಂಬತ್ತೂವರೆ. ಹೋಟೆಲಿನ ಗಿರಾಕಿಯ ಹೊತ್ತೂ ಅದೇ. ರಾತ್ರಿ ಶಾಲೆಗಳ ಸ್ಥಿತಿಯೂ ಆಗ ನೆಟ್ಟಗಿರಲಿಲ್ಲ. ಹಗಲು ಶಾಲೆಯಲ್ಲಿ ಕೆಲಸದಲ್ಲಿರುವವರು ರಾತ್ರಿ ಶಾಲೆಯಲ್ಲಿ ಎರಡನೆಯ ಕೆಲಸ ಮಾಡಕೂಡದು ಎಂದು ಮಹಾರಾಷ್ಟ್ರ ಸರಕಾರ 2017ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು. ರಾತ್ರಿ ಶಾಲೆಗೆ ಪೂರ್ತಿ ಹೊತ್ತಿನ ಸ್ವಂತ ಶಿಕ್ಷಕರಿರಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಸಾವಿರಕ್ಕೂ ಹೆಚ್ಚು ಶಿಕ್ಷಕರು ಒಂದೇ ಏಟಿಗೆ ಹೊರಗಾದರು, ಅವರ ಜಾಗಕ್ಕೆ ಅಷ್ಟೇ ಬೇಗ ಮಂದಿ ಬರಲಿಲ್ಲ. ಅದರಲ್ಲೂ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುವವರನ್ನು ಈ ಊರಲ್ಲಿ ಎಲ್ಲಿಂದ ತರುವುದು? 2020ರ ಹೊಸ ಶಿಕ್ಷಣ ನೀತಿ 2030ರ ಹೊತ್ತಿಗೆ ಹನ್ನೆರಡನೆಯವರೆಗೆ ಎಲ್ಲರೂ ಶಾಲೆಯಲ್ಲಿರಬೇಕು ಎನ್ನುತ್ತದೆ. ಶಿಕ್ಷಣ ಹಕ್ಕು ಕಾಯಿದೆ ಇನ್ನೂ ಹದಿನಾಲ್ಕರಲ್ಲೇ ಇದೆ. ಹಕ್ಕು ಅನ್ನುವುದು ಬೇರೆ, ಗುರಿ ಅನ್ನುವುದು ಬೇರೆ. ಹಕ್ಕು ತಪ್ಪಿದರೆ ಕೋರ್ಟಿಗೆ ಹೋಗಬಹುದು; ಗುರಿ ತಪ್ಪಿದರೆ ಇಸವಿಯನ್ನು ಮುಂದೆ ಹಾಕುತ್ತಾರೆ, 45ನೆಯ ಕಲಮಿಗೆ ಆದ ಹಾಗೆ.

ಗೆಳೆಯ ಈಗ ಅದೇ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಾನೆ. ಬಾಯಿಲೆಕ್ಕದಲ್ಲಿ ಇವತ್ತಿಗೂ ನನ್ನನ್ನು ಸೋಲಿಸುತ್ತಾನೆ. ಈ ವರ್ಷ ಅವನಾಗಿಯೇ ಕೇಳಿದ, "ಲೇ, ಹತ್ತನೇದ್ದು ಹೊರಗಿಂದ ಕಟ್ಟಾಕ ಬರ್ತದಂತಲ್ಲ, ಖರೇನ?" ಬರುತ್ತದೆ. ಬೋರ್ಡಿನ 17 ನಂಬರ್ ಫಾರ್ಮು ತುಂಬಿದರೆ ಖಾಸಗಿ ವಿದ್ಯಾರ್ಥಿಯಾಗಿ ಕೂರಬಹುದು. ಅದಕ್ಕೆ ಶಾಲೆ ಬಿಟ್ಟ ದಾಖಲೆ ಬೇಕು. ಇಬ್ಬರೂ ಹಳೆಯ ಶಾಲೆಗೆ ಹೋಗಿ ತಂದೆವು. ಆ ದಾಖಲೆಯಲ್ಲಿ ಶಾಲೆ ಬಿಟ್ಟ ಕಾರಣ ಎಂಬ ಒಂದು ಕಾಲಮು ಇರುತ್ತದೆ. ಅವನದರಲ್ಲಿ 'ಪಾಲಕರ ವಿನಂತಿಯ ಮೇರೆಗೆ' ಎಂದು ಬರೆದಿದ್ದರು. ನನ್ನದನ್ನೂ ನೋಡಿದೆ, ನನ್ನದರಲ್ಲಿ ಎಸ್.ಎಸ್.ಸಿ. ಪಾಸು ಎಂದಿದೆ. ಅವನು ಅದನ್ನು ಎರಡು ಸಲ ಓದಿ, "ನಮ್ಮಪ್ಪ ಕಾಲ ಮುರಕೊಂಡು ಮಲಗಿದ್ದ, ಇವರ ಹಂತೇಕ ಯಾವಾಗ ಬಂದು ವಿನಂತಿ ಮಾಡಿದಾ?" ಅಂದ. ಗುಮಾಸ್ತರು ಎಲ್ಲರದಕ್ಕೂ ಹಾಗೇ ಬರೆಯುವುದು ಎಂದರು.

ಫಾರ್ಮು ತುಂಬಿ ಆಗಿದೆ. ರವಿವಾರ ಮಧ್ಯಾಹ್ನ ಮೂರರಿಂದ ಐದು ಅವನಿಗೆ ಬಿಡುವು, ನಮ್ಮ ಖೋಲಿಯಲ್ಲಿ ಕೂತು ಓದುತ್ತೇವೆ. ಬೀಜಗಣಿತಕ್ಕೆ ಅವನಿಗೆ ನಾನು ಬೇಡ. ಇತಿಹಾಸ, ಭೂಗೋಲ ಹ್ಯಾಗೋ ನಡೆದಿದೆ. ವಿಜ್ಞಾನ ಮಾತ್ರ ನನ್ನಿಂದ ಆಗುವುದಿಲ್ಲ, ನಾನು ಅದನ್ನು ಬಿಟ್ಟು ನಾಲ್ಕು ವರ್ಷದ ಮೇಲಾಯಿತು. ಸೈನ್ಸ್ ಶಾಖೆಯ ಗೆಳೆಯರು ಯಾರಾದರೂ ಕನ್ನಡದಲ್ಲಿ ಹೇಳಿಕೊಡುವವರಿದ್ದರೆ ಸಂಘದ ಕೋಣೆಯಲ್ಲಿ ನನ್ನ ಹೆಸರಿಗೆ ಚೀಟಿ ಬಿಟ್ಟು ಹೋಗಿ. ಚಹಾ ಅವನ ಹೋಟೆಲಿನದು.